ಹನ್ನೊಂದು ಹಾಳೆಯ ಅರ್ಜಿ

ನಮ್ಮ ಊರಿನಲ್ಲಿ, ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ಏನು ಬರೆದಿದೆ ಎಂಬುದು ಕೊಟ್ಟವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುತ್ತದೆ. ಕಚೇರಿಯ ಸಣ್ಣ ಕಿಟಕಿಯಲ್ಲಿ ಕೈ ತೂರಿಸಿ, ಸಹಿ ಮಾಡಿದ ಕಾಗದವನ್ನು ಗುಮಾಸ್ತನಿಗೆ ಕೊಟ್ಟು, ನಂಬರು ಹೊಡೆದ ತಗಡಿನ ಬಿಲ್ಲೆಯನ್ನು ಇಸಿದುಕೊಂಡು ಮೆಟ್ಟಿಲಿಳಿಯುವುದರೊಳಗೆ ಕಾಗದದಲ್ಲಿದ್ದದ್ದೆಲ್ಲ ತಲೆಯಿಂದ ಹೋಗಿರುತ್ತದೆ. ಬಿಲ್ಲೆಯನ್ನು ಬಾಗಿಲ ಚೌಕಟ್ಟಿಗೆ ತೂಗುಹಾಕುತ್ತೇವೆ. ಕಾಗದ ಚಕ್ಕಡಿಯಲ್ಲಿ ಬಂದರಕ್ಕೆ, ಅಲ್ಲಿಂದ ಹಡಗಿನಲ್ಲಿ ಸರ್ಕಾರದವರ ದೇಶಕ್ಕೆ ಹೋಗುತ್ತದೆ. ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕು. ಉತ್ತರ ಕೈಗೆ ಬಂತೆಂದರೆ ಹೋದದ್ದೆಲ್ಲ ತಿರುಗಿ ಬರುತ್ತದೆ. ಅಲ್ಲಿಯವರೆಗೆ ಅರ್ಜಿದಾರನ ಎದುರಿಗೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಎತ್ತಿದರೆ ಅರ್ಜಿ ಖಾರಿಜು, ಹೋದದ್ದು ಆ ಗಳಿಗೆಗೇ ವಾಪಸು, ಮತ್ತೆ ಆ ವಿಷಯಕ್ಕೆ ಎರಡನೆಯ ಅರ್ಜಿ ಇಲ್ಲ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ನಮ್ಮ ಓಣಿಯ ಚಂದ್ರವ್ವ ಎಡಗಾಲು ಎಳೆಯುತ್ತ ನಡೆಯುತ್ತಾಳೆ. "ಕಾಲಿಗೇನಾತವ್ವಾ?" ಎಂದು ಪರಊರಿನವರು ಕೇಳಿದರೆ, "ಯಾರಿಗ್ಗೊತ್ತು, ಅರ್ಜ್ಯಾಗ ಐತಿ" ಎಂದು ನಕ್ಕು ಮುಂದೆ ಹೋಗುತ್ತಾಳೆ. ಮೂಲೆಮನೆಯ ತಮ್ಮ ಅಣ್ಣನ ಮೇಲೆಯೇ ಅರ್ಜಿ ಕೊಟ್ಟಿದ್ದಾನೆ. ಕೊಟ್ಟಂದಿನಿಂದ ಅವನಿಗೆ ಅಣ್ಣನೆಂದರೆ ಪ್ರಾಣ. ದಿನಾ ಸಂಜೆ ಹೋಗಿ ಅಣ್ಣನ ಕಟ್ಟೆಯ ಮೇಲೆ ಕೂತು ಚಹಾ ಕೇಳುತ್ತಾನೆ. ಅಣ್ಣ ಹಲ್ಲು ಕಡಿಯುತ್ತ ಕೊಡುತ್ತಾನೆ. ಕನ್ಯೆ ನೋಡಲು ಬಂದವರು ಕನ್ಯೆಗಿಂತ ಮೊದಲು ಬಾಗಿಲ ಬಿಲ್ಲೆಗಳನ್ನು ನೋಡುತ್ತಾರೆ.

ನಮ್ಮ ಬಾಗಿಲಿಗೆ ಒಂದೇ ಬಿಲ್ಲೆ ಇತ್ತು, ಮೂರು ಸಾವಿರದ ಒಂದುನೂರ ಹದಿನೇಳು. ನಾನು ಸಿಂಪಿಗರ ಗುರುಶಾಂತಪ್ಪ. ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬೆಳಗ್ಗೆ ಕೂತರೆ ದೀಪ ಹಚ್ಚುವವರೆಗೆ ಹೊಲಿಯುತ್ತೇನೆ. ಕೈ ನಿಂತರೆ ಮನೆಯಲ್ಲಿ ಒಲೆ ನಿಲ್ಲುತ್ತದೆ. ಕಚೇರಿಯ ಜವಾನರ, ಸಿಪಾಯಿಗಳ ಕೆಂಪು ಕೋಟುಗಳೆಲ್ಲ ನನ್ನ ಕೈಯವೇ. ಒಂಬತ್ತು ವರ್ಷದ ಹಿಂದೆ ಯಾವುದೋ ಅರ್ಜಿ ಕೊಟ್ಟದ್ದು ನೆನಪಿತ್ತು, ಯಾತಕ್ಕೆಂದು ಗೊತ್ತಿರಲಿಲ್ಲ. ಕೆರೆಯ ನೀರಿನ ವಿಷಯವಿರಬೇಕು ಎಂದುಕೊಂಡಿದ್ದೆ. ಕೆಲವು ಸಲ ಕಟ್ಟೆಯ ಮೇಲೆ ಕೂತು, "ನಂದು ಹೆಂಡತಿ ಕೈ ಅಡಿಗಿ ಮ್ಯಾಲಿನ ದೂರು ಇರಬೇಕು ನೋಡ್ರಪ್ಪಾ" ಎಂದು ನಗೆಯಾಡುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ನನ್ನ ಹಾಸ್ಯ ಈ ಜನಕ್ಕೆ ತಿಳಿಯುವುದಿಲ್ಲ ಎಂದುಕೊಳ್ಳುತ್ತಿದ್ದೆ. ಇನ್ನೊಂದು ಸಂಗತಿಯೂ ಇತ್ತು. ನನಗಿರುವುದು ಒಬ್ಬಳೇ ಮಗಳು, ಒಂಬತ್ತು ವರ್ಷದ ಕಾಶವ್ವ. ಅವಳನ್ನು ಓಣಿಯವರೆಲ್ಲ ಸಣ್ಣಾಕಿ, ಸಣ್ಣಾಕಿ ಎಂದೇ ಕರೆಯುತ್ತಿದ್ದರು. ದೊಡ್ಡಾಕಿಯೇ ಇಲ್ಲದ ಮನೆಯಲ್ಲಿ ಇವಳು ಸಣ್ಣಾಕಿ ಹೇಗಾದಳು ಎಂದು ಒಂದು ದಿನವೂ ನಾನು ಕೇಳಲಿಲ್ಲ.

ಆ ದಿನ ಮಧ್ಯಾಹ್ನ ಟಪಾಲಿನ ಮೌಲಾಸಾಬ ಅಂಗಡಿಗೆ ಬಂದ. ದೊರೆಯ ಸವಾರಿ ತಿಂಗಳೊಪ್ಪತ್ತಿನಲ್ಲಿ ಬರುವುದಿತ್ತು; ಹನ್ನೆರಡು ಹೊಸ ಕೋಟುಗಳ ಕೆಲಸ ನಡೆದಿತ್ತು. ಮೌಲಾಸಾಬ ಬಾಯಿತುಂಬ ಮಾತಿನ ಮನುಷ್ಯ. ಅವತ್ತು ಮಾತ್ರ ದಪ್ಪ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತ. "ಶಾಂತಪ್ಪಣ್ಣಾ, ಕೈಯಾಗಿನ ಕತ್ತರಿ ಕೆಳಗಿಡು," ಎಂದ. "ಯಾಕೋ, ಕತ್ತರಿ ನಿನಗೇನು ಮಾಡ್ತು?" ಎಂದು ನಕ್ಕೆ. "ಇಡೋ ಮಾರಾಯಾ. ಮೊದಲು ಇಡು." ಇಟ್ಟೆ. ಲಕೋಟೆಯನ್ನು ನನ್ನ ತೊಡೆಯ ಮೇಲೆ ಹಾಕಿ, ಹಿಂತಿರುಗಿ ನೋಡದೆ ಹೊರಟುಹೋದ.

ಮೇಲಿನ ಹಾಳೆಯಲ್ಲಿ ಕೆಂಪು ಶಾಯಿಯ ಎರಡು ಸಾಲು. "ಅರ್ಜಿಯು ಒಂದು ಹಾಳೆಯನ್ನು ಮೀರಿರುವುದರಿಂದ ಓದಲಾಗಿಲ್ಲ. ಸಂಕ್ಷೇಪಿಸಿ, ಇದು ತಲುಪಿದ ಮೂವತ್ತು ದಿನಗಳೊಳಗೆ ಮತ್ತೆ ಸಲ್ಲಿಸತಕ್ಕದ್ದು." ಕೆಳಗೆ ನನ್ನ ಅಕ್ಷರ. ನಮ್ಮ ಪೈಕಿ ನನ್ನಷ್ಟು ದುಂಡಗೆ ಬರೆಯುವವರಿಲ್ಲ ಎಂದು ನನಗೆ ಮೊದಲಿನಿಂದ ಸೊಕ್ಕು. "ಮಹಾಪ್ರಭುಗಳ ಸನ್ನಿಧಾನಕ್ಕೆ ಸಿಂಪಿಗರ ಗುರುಶಾಂತಪ್ಪ ತಲೆಬಾಗಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ನನ್ನ ಹಿರಿಯ ಮಗಳು ದಾನವ್ವ" ಎಂದು ಶುರುವಾಗಿತ್ತು. ಯಾವ ದಾನವ್ವ, ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ. ಬೇರೆಯವರ ಕಾಗದ ನನಗೆ ಬಂದಿದೆ, ಮೌಲಾಸಾಬನನ್ನು ಕೂಗಬೇಕು ಎಂದು ಬಾಯಿ ತೆರೆದೆ.

ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮೊದಲು ಬಂದದ್ದು ತೂಕ. ಎಡ ಭುಜದ ಮೇಲೆ, ಕುತ್ತಿಗೆಯ ಹತ್ತಿರ, ಆರು ವರ್ಷದ ಕೂಸಿನ ತಲೆಯ ಬಿಸಿ ತೂಕ. ಆಮೇಲೆ ಒಂದೊಂದಾಗಿ ಅಲ್ಲ, ಎಲ್ಲ ಕೂಡಿಯೇ ಬಂತು. ಹುಟ್ಟಿದಾಗಲೇ ಕಿವಿಯವರೆಗೆ ಇಳಿದಿದ್ದ ಕೂದಲು. ಎಷ್ಟು ಗದರಿದರೂ ಎಡಗೈಯಿಂದಲೇ ಉಣ್ಣುತ್ತಿದ್ದದ್ದು. ಸೂಜಿ ಚುಚ್ಚದಂತೆ ನಾನು ತೊಡುವ ಅಂಗುಸ್ತಾನವನ್ನು ಬೆರಳಿನ ಟೊಪ್ಪಿಗಿ ಎಂದು ಕರೆದು, ಅದನ್ನು ಹತ್ತೂ ಬೆರಳಿಗೆ ಸರದಿಯಂತೆ ತೊಡಿಸಿ, "ಎಲ್ಲಾರೂ ಲಗ್ನಕ್ಕ ಹೊಂಟಾರ" ಎನ್ನುತ್ತಿದ್ದದ್ದು. ಹತ್ತು ಹಾಳೆಯ ತುಂಬ ಅದನ್ನೇ ಬರೆದಿದ್ದೆ. ಹನ್ನೊಂದನೆಯದರಲ್ಲಿ ಹಗ್ಗ ಇತ್ತು.

ಆಗಲೂ ದೊರೆಯ ಸವಾರಿಯೇ. ದಾನವ್ವನಿಗೆ ಗಂಟಲಮಾರಿ, ಉಸಿರು ಕಟ್ಟುತ್ತಿತ್ತು. ಭುಜದ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದೆ. ಹೆದ್ದಾರಿಯ ಆಚೆಗೆ ದವಾಖಾನೆಯ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ಕಂಪೌಂಡರ್ ನಿಂತದ್ದೂ ಕಾಣುತ್ತಿತ್ತು. ನಡುವೆ, ಜನ ರಸ್ತೆ ದಾಟದಂತೆ ಕಟ್ಟಿದ ಹಗ್ಗ. ಸವಾರಿ ದಾಟುವವರೆಗೆ ಹಗ್ಗ ಎತ್ತುವ ಹಾಗಿಲ್ಲ ಎಂದ ಸಿಪಾಯಿ. ಸವಾರಿ ಬಂದಿರಲೇ ಇಲ್ಲ. ದೊರೆಯ ಊಟ ತಡವಾಗಿತ್ತಂತೆ. ಮಧ್ಯಾಹ್ನವೆಲ್ಲ ಖಾಲಿ ರಸ್ತೆಯ ಅಂಚಿನಲ್ಲಿ ನಿಂತೆ. ಸವಾರಿ ಬಂದು, ಬ್ಯಾಂಡು ಬಾರಿಸಿ, ಹಗ್ಗ ಬಿಚ್ಚುವ ಹೊತ್ತಿಗೆ ಭುಜದ ಮೇಲಿನ ಬಿಸಿ ಆರಿತ್ತು. ಕೊನೆಯ ಸಾಲಿನಲ್ಲಿ ನಾನು ಬೇಡಿದ್ದು ಇಷ್ಟೇ: ಮುಂದೆ ಸವಾರಿಯ ದಿನ ಬೇನೆ ಬಿದ್ದ ಕೂಸನ್ನು ಹೊತ್ತು ಬಂದವರಿಗೆ ಹಗ್ಗ ಎತ್ತಬೇಕು.

ಕಣ್ಣೆತ್ತಿದೆ. ಎದುರಿನ ಗೂಟಕ್ಕೆ ಕೆಂಪು ಕೋಟು ತೂಗುತ್ತಿತ್ತು. ಅವತ್ತು ಹಗ್ಗ ಕಾಯುತ್ತಿದ್ದ ಸಿಪಾಯಿಯ ಕೋಟೂ ಅದೇ ಕೆಂಪಿನದು, ತೋಳಿಗೆ ಅದೇ ಹಳದಿ ಪಟ್ಟಿ. ಒಂಬತ್ತು ವರ್ಷ ನಾನು ಹಗ್ಗ ಹಿಡಿಯುವವರ ಕೋಟು ಹೊಲಿದಿದ್ದೆ. ಸೀಟಿ ಹಾಕುತ್ತ ಹೊಲಿದಿದ್ದೆ. ಕೆಲಸ ಹೆಚ್ಚಾದಾಗ ಮನೆಗೆ ಒಯ್ದು, "ಇವಕ್ಕ ಗುಂಡಿ ಹಚ್ಚು" ಎಂದು ಹೆಂಡತಿಯ ಮುಂದೆ ಒಗೆದಿದ್ದೆ. ಅವಳು ಹಚ್ಚಿದ್ದಳು. ಒಂದು ಅರ್ಜಿಗೆ ಒಬ್ಬರದೇ ಸಹಿ, ಸಹಿ ನನ್ನದು. ಅವಳಿಗೆ ಎಲ್ಲ ನೆನಪಿತ್ತು. ಈ ಮಾತು ತಲೆಗೆ ಹೊಳೆದದ್ದೇ ಎದ್ದುನಿಂತೆ.

ಅಂಗಡಿಯನ್ನು ಹಾಗೇ ತೆರೆದಿಟ್ಟು ಮನೆಗೆ ಬಂದೆ. ಹೆಂಡತಿ ನೀಲಗಂಗಾ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿದಳು, ಮುಖ ನೋಡಿದಳು, ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಒಲೆಯ ಕಟ್ಟಿಗೆ ಹಿಂದೆ ಎಳೆದಳು. "ಕಾಶೀ, ಚಂದ್ರವ್ವಾಯಿ ಮನಿಗೆ ಹೋಗಿ ಆಡ್ಕೋ ಹೋಗು," ಎಂದು ಹುಡುಗಿಯನ್ನು ಕಳಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ಎದುರಿಗೆ ಬಂದು ನಿಂತಳು. "ಬಂತೇನ್ರಿ?"

"ನೀಲಾ, ದಾನವ್ವ..." ಎಂದೆ.

"ಇನ್ನೊಮ್ಮೆ ಅನ್ರಿ."

"ಏನು?"

"ಆಕಿ ಹೆಸರು. ಒಂಬತ್ತು ವರ್ಷಾತು, ಈ ಮನ್ಯಾಗ ಯಾರ ಬಾಯಾಗೂ ಕೇಳಿಲ್ಲ. ಇನ್ನೊಮ್ಮೆ ಅನ್ರಿ."

ಅಂದೆ. ಅವಳು ಗೋಡೆಗೆ ಒರಗಿ ಜಾರಿ ಕೂತಳು. ಅಳಲಿಲ್ಲ. ಮಾತಾಡತೊಡಗಿದಳು. ಆಕಿ ಎಡಗೈಲೆ ಉಣ್ಣತಿದ್ಲು, ನೆನಪೈತೇನು? ಹೂಂ. ಮಂಚದ ಬುಡಕ ಹೊಕ್ಕು ನಿಮ್ಮ ಸುಣ್ಣದ ಕಡ್ಡಿ ತಿಂದು ಬಾಯಿ ಬೆಳ್ಳಗ ಮಾಡ್ಕೊಂಡಿದ್ಲು? ಹೂಂ. ನಾನು ಬಸುರಾದಾಗ ನನ್ನ ಹೊಟ್ಟಿಗೆ ಬಾಯಿ ಹಚ್ಚಿ, ತಮ್ಮಾ ಇದ್ರ ಅಲ್ಲೇ ಇರು, ತಂಗಿ ಇದ್ರ ಹೊರಗ ಬಾ, ಅಂತಿದ್ಲು? ಇದು ನನಗೆ ಗೊತ್ತಿರಲಿಲ್ಲ. "ಇಲ್ಲ," ಎಂದೆ. "ನೀವು ಅಂಗಡ್ಯಾಗಿರತಿದ್ರಿ," ಎಂದಳು. ಮಡಕೆಯ ಮುಚ್ಚಳ ತೆಗೆದ ಹಾಗೆ ಮಾತು ಬಂತು ಅವಳಿಗೆ. ಒಲೆ ಪೂರ್ತಿ ಆರಿತು. ನನಗೆ ಒಂದು ಮಾತು ಕೇಳಬೇಕಿತ್ತು, ಕೇಳುವ ಧೈರ್ಯ ಬರಲಿಲ್ಲ, ಕೊನೆಗೂ ಕೇಳಿದೆ. "ಅರ್ಜಿ ಕೊಡ್ರಿ ಅಂತ ನೀನ ಕಳಿಸಿದ್ದಿ ಅಲ್ಲ ನನ್ನ?"

"ಮತ್ತೇನು ಮಾಡ್ಲಿ? ತಿಂಗಳಗಟ್ಟಲೆ ಮಷೀನ್ ಮುಂದ ಕಲ್ಲಾಗಿ ಕುಂತಿದ್ರಿ. ಉಣ್ಣಲಿಲ್ಲ. ಹೊಟ್ಟ್ಯಾಗ ಕಾಶಿ, ನನಗ ದಿನ ತುಂಬಿದ್ದುವು. ಎದಿ ಹಗುರಾದರ ಸಾಕು, ಕೈಗೆ ಸೂಜಿ ಹಿಡಿತೀರಿ ಅಂತ ಕಳಿಸಿದೆ." ಅವಳು ಬೆರಳಿಗೆ ಒಣಗಿ ಅಂಟಿದ ಹಿಟ್ಟನ್ನು ಕೀಳತೊಡಗಿದಳು. "ಹೊಳ್ಳಿ ಬಂದ್ರಿ, ಹೊಸ್ತಿಲ ಮ್ಯಾಲೆ ನಿಂತು, ಏನ್ ಅಡಿಗಿ ಮಾಡೀಯೇ, ಭಾಳ ಹಸಿವ್ಯಾಗೈತಿ ಅಂದ್ರಿ. ನಕ್ಕೋತ ಅಂದ್ರಿ. ಹಗ್ಗ ಅಷ್ಟ ಮರೀತೀರಿ ಅಂತ ನಾ ತಿಳಿದಿದ್ದೆ. ಆಕಿನ್ನ ಪೂರಾ ಬರದು ಕೊಟ್ಟು ಬಂದಿದ್ರಿ."

ಆಗ ನನಗೆ ಇನ್ನೊಂದು ತಿರುಗಿ ಬಂತು. ಕಚೇರಿಯ ಜಗುಲಿಯ ಮೇಲೆ ಊರ ಜನರ ಅರ್ಜಿ ಬರೆದುಕೊಡುವ ಸ್ವಾಮಿರಾಯರು ಅವತ್ತು ನನ್ನ ಹನ್ನೊಂದು ಹಾಳೆ ನೋಡಿ ಗಾಬರಿಯಾಗಿದ್ದರು. "ಅಲ್ಲೋ ಶಾಂತಪ್ಪಾ, ಹಿಂಗ್ಯಾಕ ಬರದೀ? ಆದದ್ದು ಬರಿ. ಆಕಿನ್ನ ಬರೀಬ್ಯಾಡ," ಎಂದಿದ್ದರು. ನಾನು ಕೇಳಲಿಲ್ಲ. ನನ್ನ ಮಗಳು ಎಂಥವಳು ಎಂದು ತಿಳಿಯದೆ ಹೋದರೆ ಅವರಿಗೆ ಹೇಗೆ ಮರುಕ ಬಂದೀತು ಎಂದಿದ್ದೆ. ಮರುಕ ಬರಲೆಂದು ಕೂದಲು, ಎಡಗೈ, ಬೆರಳಿನ ಟೊಪ್ಪಿಗಿ ಎಲ್ಲ ಕೊಟ್ಟಿದ್ದೆ. ಅವರು ಓದಲೇ ಇಲ್ಲ.

"ಆ ಲಂಗ..." ಎಂದೆ. ನೀಲಗಂಗಾ ತಲೆ ಎತ್ತಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಲಂಗ ಸಿಕ್ಕಿತ್ತು, ಹಸಿರು ಬಣ್ಣದ್ದು, ಹಳದಿ ಚಿಕ್ಕಿಯದು. ಅಂಚಿಗೆ ಎರಡೆರಡು ಸಾಲು ಹೊಲಿಗೆ, ನನ್ನ ಕೈಯದೇ. ನಮ್ಮ ಕಸುಬಿನಲ್ಲಿ ಒಂದು ವಾಡಿಕೆ ಇದೆ: ಹೊಲಿಸಿದವರು ವರ್ಷವಾದರೂ ಒಯ್ಯಲು ಬಾರದಿದ್ದರೆ ಆ ಬಟ್ಟೆಯನ್ನು ಕತ್ತರಿಸಿ ಬೇರೆಯದಕ್ಕೆ ಬಳಸುತ್ತೇವೆ. ಲಂಗವನ್ನು ಎತ್ತಿ ಹಿಡಿದು ನೀಲಗಂಗಾಳನ್ನು ಕೇಳಿದ್ದೆ. "ಯಾರದ ಇದು? ಒಯ್ಯಾಕ ಯಾರೂ ಬರಲೇ ಇಲ್ಲಲ್ಲ?" ಅವಳು ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. "ಗೊತ್ತಿಲ್ಲ," ಎಂದಳು. ಅವಳ ಎದುರಿಗೇ ಕತ್ತರಿಸಿ ಎಂಟು ತುಂಡು ಮಾಡಿದ್ದೆ. ತುಂಡುಗಳನ್ನು ಅವಳು ಆಯ್ದುಕೊಂಡು ಕೌದಿಗೆ ಹಚ್ಚಿದಳು. ನಾಲ್ಕು ವರ್ಷದಿಂದ ಅದೇ ಕೌದಿಯನ್ನು ಹೊದ್ದು ಮಲಗುತ್ತಿದ್ದೆ.

ಮರುದಿನ ಹೊತ್ತು ಏರುವ ಮೊದಲೇ ಸ್ವಾಮಿರಾಯರ ಮುಂದೆ ಹೋಗಿ ನಿಂತೆ. ನನಗೆ ಇದ್ದದ್ದು ಒಂದೇ ಆಸೆ, ಬೇಗ ಬರೆದು ಬೇಗ ಕೊಟ್ಟುಬಿಡಬೇಕು. ಒಂದು ದಿನಕ್ಕೇ ಸೂಜಿಗೆ ದಾರ ಏರಿಸಲು ನನ್ನಿಂದ ಆಗುತ್ತಿರಲಿಲ್ಲ. ರಾಯರು ಕನ್ನಡಕ ಒರೆಸಿಕೊಂಡು ಕೆಂಪು ಶಾಯಿಯನ್ನು ಓದಿದರು. "ಛೀ, ಓದೇ ಇಲ್ಲೇನು ಮುಂಡೇಗಂಡರು!" ಎಂದು ನಾಲಗೆ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದರು. ಆಮೇಲೆ ಬಗ್ಗಿ ಮೆಲ್ಲಗೆ ಹೇಳಿದರು. "ಇದು ಒಂದು ಲೆಕ್ಕದಾಗ ಛಲೋನ ಆತು ನೋಡಪಾ. ಹತ್ತು ಹಾಳಿ ಹೊಡದು ಹಾಕು. ಹೊಡದು ಹಾಕಿದ್ದು ನಿನ್ನ ಕಡೆನ ಉಳೀತದ. ಹಗ್ಗದ್ದೊಂದ ಬರಿ. ಕೂಸು ನಿನಗ, ಹಗ್ಗ ಅವರಿಗೆ."

ಇದಕ್ಕಿಂತ ನ್ಯಾಯವಾದ ಮಾತು ನನಗೆ ಕಾಣಲಿಲ್ಲ. ಮನೆಗೆ ಬಂದು, ಹತ್ತು ಹಾಳೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಹೊಸ ಹಾಳೆಯ ಮೇಲೆ ಹಗ್ಗದ ಸಂಗತಿಯನ್ನು ಚೊಕ್ಕವಾಗಿ ಬರೆದೆ. ಓದಿ ಹೇಳಿದೆ. ನೀಲಗಂಗಾ ಪೂರ್ತಿ ಕೇಳಿದಳು. "ಕೊಟ್ಟು ಬಂದ ಮ್ಯಾಲೆ ಆ ಹನ್ನೆರಡು ಕೋಟು ಹೊಲಿತೀರೇನು?" ಎಂದಳು.

"ಹೊಲಿಬೇಕಲ್ಲ."

"ಸೀಟಿ ಹೊಡಕೋತ?"

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಈ ಊರಾಗ ಅರ್ಜಿ ಕೊಟ್ಟು ಕೊಟ್ಟು ಸಿಟ್ಟಿಗೇಳಾಕ ಒಬ್ಬರೂ ಉಳಿದಿಲ್ರಿ. ಚಂದ್ರವ್ವ ತನ್ನ ಕಾಲು ಮುರದಾವಗ ದಿನಾ ಮುಂಜಾನೆ ನಮಸ್ಕಾರ ಮಾಡ್ತಾಳ. ಅದನ್ನ ನೋಡಿ ನೋಡಿ ನನಗ ಸಾಕಾಗೇತಿ. ನೀವು ಮತ್ತ ಹಂಗಾಗೋದನ್ನ ನಾ ನೋಡಾಂಗಿಲ್ಲ. ಹಗ್ಗ ಇಬ್ಬರಿಗೂ ನೆನಪಿರಲಿ. ನಾ ಒಬ್ಬಾಕೀನ ಹೊತ್ತು ಹೊತ್ತು ನನ್ನ ಹೆಗಲು ಹರದೈತಿ." ಇನ್ನೊಂದು ಮಾತೂ ಹೇಳಿದಳು. "ಅರ್ಜಿ ಕೊಡೋದಾದ್ರ ನಾ ಕೊಡ್ತೀನಿ. ನೀವು ಬರೀರಿ."

ಒಂಬತ್ತು ವರ್ಷ ಹೊತ್ತವಳು ಈಗ ಇಳಿಸುತ್ತೇನೆ ಎಂದರೆ ಬೇಡ ಎನ್ನುವ ಬಾಯಿ ನನಗೆಲ್ಲಿಯದು? ಆದರೆ ಇವಳು ದಾನವ್ವನನ್ನು ಕೊಟ್ಟುಬಿಟ್ಟರೆ ನಾನು ಯಾರ ಎದುರಿಗೆ ಆ ಹೆಸರು ಅನ್ನಲಿ? ಅವಳು ಒಂಬತ್ತು ವರ್ಷ ಬದುಕಿದ್ದು ಹೀಗೆಯೇ ಎಂದು ಆ ಗಳಿಗೆಗೆ ಪೂರ್ತಿ ತಿಳಿಯಿತು. ಶಾಯಿಯ ದೌತಿ ಹತ್ತಿರ ಎಳೆದುಕೊಂಡು, ಮಹಾಪ್ರಭುಗಳ ಸನ್ನಿಧಾನಕ್ಕೆ ಎಂದು ಬರೆದೆ. "ಹೇಳು."

"ನಾಕು ವರ್ಷದ ಹಿಂದ ಒಂದಿನ ನನ್ನ ಗಂಡ," ಎಂದು ಶುರುಮಾಡಿದಳು. ನನ್ನ ಲೆಕ್ಕಣಿಕೆ ನಿಂತಿತು. "ಬರೀರಿ. ಒಂದಿನ ನನ್ನ ಗಂಡ ನನ್ನ ಮಗಳ ಹಸರು ಲಂಗ ಎತ್ತಿ ಹಿಡದು, ಯಾರದ ಇದು, ಒಯ್ಯಾಕ ಯಾರೂ ಬರಲೇ ಇಲ್ಲಲ್ಲ ಅಂತ ಕೇಳಿದ. ಕೇಳಿ, ನನ್ನ ಕಣ್ಣ ಮುಂದ ಕತ್ತರಿಸಿದ." ನಿಲ್ಲಿಸಿದಳು.

"ಮುಂದ?"

"ಮುಂದೇನಿಲ್ಲ. ಅಷ್ಟ."

"ನೀಲಾ, ಇದು ಸರ್ಕಾರದ ಮ್ಯಾಲಿನ ದೂರಲ್ಲ."

"ಸರ್ಕಾರದ ಮ್ಯಾಲಿನ ಸಿಟ್ಟು ನನಗಿರಲಿ. ನಿಮ್ಮ ಮ್ಯಾಲಿಂದು ಬ್ಯಾಡ. ತಪ್ಪು ನಿಮ್ಮದಲ್ಲ ಅಂತ ನನಗೂ ಗೊತ್ತೈತಿ. ಗೊತ್ತಿದ್ರೂ ಹೋಗವಲ್ದು. ಊಟಕ್ಕ ನೀಡುವಾಗ ಬರತೈತಿ, ನಿಮ್ಮ ಕೈ ಕತ್ತರಿ ಮ್ಯಾಲಿದ್ರ ಬರತೈತಿ. ಅದೊಂದನ್ನ ಒಯ್ಯಲಿ."

ಬರೆದೆ. ನನ್ನ ದುಂಡನೆಯ ಅಕ್ಷರಕ್ಕೆ ಅವತ್ತು ಆಕಾರವೇ ಬರಲಿಲ್ಲ. ಅರ್ಜಿಯ ಕೊನೆಗೆ ಬೇಡಿಕೆ ಬರೆಯುವುದು ಪದ್ಧತಿ. "ಇದಕ್ಕ ಸರ್ಕಾರದವರು ಏನು ಮಾಡಬೇಕಂತ ಬರೀಲಿ?" ಎಂದು ಕೇಳಿದೆ.

"ಏನೂ ಮಾಡೋದು ಬ್ಯಾಡ," ಎಂದಳು ನೀಲಗಂಗಾ. "ಇಟ್ಕೊಳ್ಳಲಿ."

ಹಾಳೆಯ ಕಾಲು ಭಾಗವೂ ತುಂಬಿರಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು. ಅವಳು ಕಚೇರಿಯ ಕಿಟಕಿಯಲ್ಲಿ ಕೈ ತೂರಿಸಿದಾಗ ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಇಳಿದು ಬಂದವಳ ಮುಖವನ್ನು ನೋಡಲು ಆಗದೆ ಪಾದ ನೋಡಿದೆ. ಎರಡನೆಯ ಮೆಟ್ಟಿಲಿನಲ್ಲಿ ಅವಳು ನಿಂತು, ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿದಳು. "ಏನಿತ್ತೋ ಏನೋ," ಎಂದಳು. ಬರುವಾಗ ದಾರಿಯಲ್ಲಿ ದಾನವ್ವ ಹುಣಸೆಬೀಜ ಮೂಗಿಗೆ ಹಾಕಿಕೊಂಡ ಕಥೆ ಹೇಳಿ, ತಾನೇ ನಕ್ಕಳು.

ಮೂವತ್ತು ದಿನ ಕಳೆದವು. ನಾನು ಅರ್ಜಿ ಕೊಡಲಿಲ್ಲ. ಹನ್ನೆರಡು ಕೋಟಿನ ಬಟ್ಟೆಯನ್ನು ಹೊಲಿಯದೆ ವಾಪಸು ಮಾಡಿದೆ. ಕಾರಣವನ್ನು ಬರೆದುಕೊಡತಕ್ಕದ್ದು ಎಂದು ಕಚೇರಿಯಿಂದ ಚೀಟಿ ಬಂತು. ಬಾಯಲ್ಲಿ ಹೇಳುತ್ತೇನೆ, ಬರೆದು ಮಾತ್ರ ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ಬಾಯಲ್ಲಿ ಕೇಳುವವರು ಕಚೇರಿಯಲ್ಲಿ ಯಾರೂ ಇಲ್ಲವಂತೆ. ಸವಾರಿಯ ದಿನ ನಾವಿಬ್ಬರೂ ಹೋಗಿ ದವಾಖಾನೆಯ ಎದುರಿನ ಹಗ್ಗದ ಹತ್ತಿರವೇ ನಿಂತೆವು. ಕೂಸನ್ನು ಹೊತ್ತವರು ಯಾರಾದರೂ ಬಂದರೆ ಎತ್ತುವುದಕ್ಕೆ ನಾಲ್ಕು ಕೈ ಇದ್ದವು. ಯಾರೂ ಬರಲಿಲ್ಲ. ಸಿಪಾಯಿ ನಮ್ಮ ಕಡೆ ಎರಡು ಸಲ ನೋಡಿದ, ನಾವೂ ನೋಡಿದೆವು.

ಅದಾದ ಮರುವಾರ ಬಿಸಿಲು ಚೆನ್ನಾಗಿತ್ತು. ನೀಲಗಂಗಾ ಕೌದಿಯನ್ನು ಅಂಗಳದ ಹಗ್ಗಕ್ಕೆ ಹರವಿದಳು. ಒಂದು ಮೂಲೆ ಬಿಚ್ಚಿಕೊಂಡಿತ್ತು. ಅದನ್ನು ಹೊಲಿದುಕೊಡಲು ನಾನು ಸೂಜಿ ಹಿಡಿದು ಕೂತಿದ್ದೆ. ಅವಳು ಕೌದಿಯ ಮೇಲೆ ಅಂಗೈ ಆಡಿಸುತ್ತ ಬಂದವಳು ಹಸಿರು ತುಂಡಿನ ಹತ್ತಿರ ನಿಂತಳು. ಇನ್ನೊಂದು ಕಂಡಿತು, ಇನ್ನೊಂದು. ಎಂಟನ್ನೂ ಮುಟ್ಟಿ ನೋಡಿದಳು.

"ಇಲ್ನೋಡ್ರಿ, ನಮ್ಮ ದಾನೀದು ಲಂಗ ಅಲ್ಲೇನ್ರಿ ಇದು!" ಎಂದಳು. "ಎಷ್ಟ ಚಂದ ಹೊಲದಿದ್ರಿ. ಇಟ್ಟಿದ್ರ ಕಾಶೀಗರೆ ಆಗತಿತ್ತು. ಇದನ್ನ ಹಿಂಗ ಯಾರು ಕತ್ತರಿಸಿದ್ರು?"

ಅವಳ ಬಿಲ್ಲೆ ಬಾಗಿಲ ಚೌಕಟ್ಟಿನಲ್ಲಿ ತೂಗುತ್ತಿತ್ತು. ಒಂದು ಮಾತು ಆಡಿದರೆ ಸಾಕು, ಅಷ್ಟೂ ಅವಳಿಗೆ ವಾಪಸು. ಅವಳು ತುಂಡಿನ ಮೇಲೆ ಬೆರಳಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

ನಾನು ಸೂಜಿಯ ಕಣ್ಣಿಗೆ ದಾರ ಏರಿಸುತ್ತ, ತಲೆ ಎತ್ತದೆ, "ಗೊತ್ತಿಲ್ಲ," ಎಂದೆ.